ರಜೋನಿವೃತ್ತಿಯ ಸಂಧಿಕಾಲದಲ್ಲಿ ವ್ಯಾಯಾಮ

ಸ್ತ್ರೀಯರ ಋತುಚಕ್ರವು ಕ್ರಮ ತಪ್ಪಿ ನಡೆಯತೊಡಗಿದಂದಿನಿಂದ ಅದು ಶಾಶ್ವತವಾಗಿ ನಿಂತು ಒಂದು ವರ್ಷ ಕಳೆಯುವವರೆಗಿನ ಅವಧಿಗೆ ರಜೋನಿವೃತ್ತಿಯ ಸಂಧಿಕಾಲವೆಂದು ಹೆಸರು. ಈ ಅವಧಿಯಲ್ಲಿ ಮೂಳೆ, ಮಾಂಸಖಂಡ, ರಕ್ತನಾಳ, ನಿದ್ರೆ, ಮನಸ್ಸು ಇವೆಲ್ಲವೂ ಒಂದಲ್ಲ ಒಂದು ವಿಧದಲ್ಲಿ ವ್ಯತ್ಯಾಸ ಹೊಂದುವುದರಿಂದ, ಆ ವ್ಯತ್ಯಾಸಗಳನ್ನು ಎದುರಿಸುವ ಉಪಾಯಗಳಲ್ಲಿ ವ್ಯಾಯಾಮಕ್ಕೆ ವೈದ್ಯರು ಇಂದು ಪ್ರಮುಖವಾದ ಸ್ಥಾನವನ್ನು ಕೊಡುತ್ತಾರೆ. ಆದರೆ ಯಾವ ಬಾಧೆಯನ್ನು ಹೇಳಿಕೊಂಡು ಹೆಂಗಸರು ಪ್ರಾಯೇಣ ವೈದ್ಯರ ಬಳಿಗೆ ಹೋಗುವರೋ ಆ ಬಾಧೆಯ ಮೇಲೆ, ಎಂದರೆ ಮೈ ಥಟ್ಟನೆ ಬಿಸಿಯೇರಿ ಮುಖ ಕೆಂಪಾಗಿ ಬೆವರು ಹರಿಯುವ ಉಪದ್ರವದ ಮೇಲೆ, ವ್ಯಾಯಾಮದ ಪರಿಣಾಮ ಅನಿಶ್ಚಿತವಾದದ್ದು. ಯಾರ ಅನುಭವಕ್ಕೂ ಬಾರದೆ ಒಳಗೊಳಗೇ ನಡೆಯುತ್ತಿರುವ ಮೂಳೆಯ ಕ್ಷಯ ಮತ್ತು ಮಾಂಸಖಂಡದ ಕ್ಷಯಗಳ ಮೇಲೆ ಅದರ ಪರಿಣಾಮ ಸುಸ್ಪಷ್ಟವಾದದ್ದು. ಈ ಎರಡು ಸಂಗತಿಗಳನ್ನು ಒಂದರೊಳಗೊಂದು ಬೆರೆಸಿ ಬರೆದ ಆರೋಗ್ಯೋಪದೇಶಗಳು ಹೇರಳವಾಗಿರುವುದರಿಂದ, ತಿಂಗಳೊಪ್ಪತ್ತು ನಡೆದು ನೋಡಿ, ಮೈಯ ಬಿಸಿ ಇಳಿಯಲಿಲ್ಲವೆಂದು ವ್ಯಾಯಾಮವನ್ನೇ ಬಿಟ್ಟವರ ಸಂಖ್ಯೆಯೂ ಸಣ್ಣದಲ್ಲ.

ಸಂಧಿಕಾಲದ ಸ್ವರೂಪ

ರಜಸ್ಸು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲಾಗಿ ಐವತ್ತನೆಯ ವಯಸ್ಸಿನಲ್ಲಿ ಕ್ಷಯಿಸುವುದೆಂದು ಸುಶ್ರುತ ಸಂಹಿತೆಯಲ್ಲಿ ಹೇಳಿದೆ. ಇಂದಿನ ಗಣನೆಗಳು ಆ ಅಂದಾಜಿನಿಂದ ಬಹಳ ದೂರ ಸರಿದಿಲ್ಲ. ಯೂರೋಪು ಮತ್ತು ಅಮೆರಿಕಗಳಲ್ಲಿ ಕೊನೆಯ ಮುಟ್ಟಿನ ಸರಾಸರಿ ವಯಸ್ಸು 51ರ ಆಸುಪಾಸಿನಲ್ಲಿದ್ದರೆ, ಭಾರತದಲ್ಲಿ ಅದು 46ರಿಂದ 47ರಷ್ಟಿದೆ. ಸಂಧಿಕಾಲವು ಸಾಧಾರಣವಾಗಿ ನಾಲ್ಕು ವರ್ಷಗಳಷ್ಟು, ಕೆಲವರಲ್ಲಿ ಎಂಟು ವರ್ಷಗಳಷ್ಟು ದೀರ್ಘವಾಗಿರುವುದರಿಂದ, ನಮ್ಮ ದೇಶದಲ್ಲಿ ನಲವತ್ತು ತುಂಬಿದೊಡನೆಯೇ, ಮಕ್ಕಳು ಇನ್ನೂ ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ, ಹಲವರು ಅದರೊಳಗೆ ಕಾಲಿಟ್ಟಿರುತ್ತಾರೆ. ಆದರೂ "ಮುಟ್ಟು ನಿಲ್ಲುವ ವಯಸ್ಸು" ಎಂದರೆ ಮುದಿತನದ ಆರಂಭವೆಂಬ ಭಾವನೆ ಬಲವಾಗಿರುವ ಕಾರಣ, ಆ ವಯಸ್ಸಿನಲ್ಲಿ ಅದನ್ನು ಗುರುತಿಸುವವರು ವಿರಳ.

ಅವಧಿಯ ಗಡಿಗಳನ್ನು ನಿರ್ಣಯಿಸುವ ಸಲುವಾಗಿ 2001ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಪಾರ್ಕ್ ಸಿಟಿಯಲ್ಲಿ ತಜ್ಞರ ಗೋಷ್ಠಿಯೊಂದು ಸೇರಿತು. ಅಲ್ಲಿ ಮಾಡಿದ ವಿಭಾಗಕ್ರಮವು ಹತ್ತು ವರ್ಷಗಳ ತರುವಾಯ ಪರಿಷ್ಕೃತವಾಗಿ ಇಂದಿಗೂ ಬಳಕೆಯಲ್ಲಿದೆ. ಒಂದರ ಹಿಂದೊಂದು ಬರುವ ಋತುಚಕ್ರಗಳ ಉದ್ದದಲ್ಲಿ 7 ದಿನಗಳಷ್ಟು ಅಥವಾ ಅದಕ್ಕೂ ಹೆಚ್ಚಿನ ಅಂತರ ಪುನಃಪುನಃ ಕಾಣಿಸಿಕೊಂಡರೆ ಸಂಧಿಕಾಲದ ಪೂರ್ವಭಾಗ ಆರಂಭವಾಯಿತೆಂದೂ, 60 ದಿನ ಅಥವಾ ಹೆಚ್ಚು ಕಾಲ ಮುಟ್ಟಿಲ್ಲದೆ ಕಳೆದರೆ ಉತ್ತರಭಾಗ ಆರಂಭವಾಯಿತೆಂದೂ, 12 ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ರಜೋನಿವೃತ್ತಿ ಸಂಪೂರ್ಣವಾಯಿತೆಂದೂ ಆ ಕ್ರಮದಲ್ಲಿ ಎಣಿಸುತ್ತಾರೆ.

ಈ ವರ್ಷಗಳಲ್ಲಿ ಅಂಡಾಶಯದಲ್ಲಿ ಉಳಿದಿರುವ ಅಂಡಕೋಶಗಳ ಸಂಖ್ಯೆ ತಗ್ಗುತ್ತ ಬಂದಂತೆ, ಅವನ್ನು ಎಚ್ಚರಿಸಲು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಹೆಚ್ಚುಹೆಚ್ಚಾಗಿ ಪ್ರಚೋದಕ ರಸವನ್ನು ಸುರಿಸುತ್ತದೆ. ಅದರ ಫಲವಾಗಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಒಂದೇ ಸಮನೆ ಇಳಿದುಹೋಗದೆ, ಒಂದು ತಿಂಗಳು ಯೌವನದಲ್ಲಿದ್ದುದಕ್ಕಿಂತಲೂ ಮೇಲೇರಿ ಮರುತಿಂಗಳು ಪಾತಾಳಕ್ಕಿಳಿದು ಓಲಾಡುತ್ತದೆ. ಅಂಡವು ಹೊರಬೀಳದ ಚಕ್ರಗಳಲ್ಲಿ ಪ್ರೊಜೆಸ್ಟರಾನ್ ಹುಟ್ಟದ ಕಾರಣ ಅತಿಸ್ರಾವವೂ ಉಂಟಾಗಬಹುದು. ಹೀಗಾಗಿ ಈ ವಯಸ್ಸಿನ ಸ್ತ್ರೀಯಲ್ಲಿ ಒಂದು ವಾರ ಮೈಯಲ್ಲಿ ಚೈತನ್ಯವಿದ್ದು ಮುಂದಿನ ವಾರ ಮೆಟ್ಟಿಲು ಹತ್ತುವುದೇ ಪ್ರಯಾಸವಾಗುವುದು ಸ್ವಾಭಾವಿಕ; ವ್ಯಾಯಾಮವನ್ನು ಕಲಿಸುವವರು ಇದನ್ನು ಮೈಗಳ್ಳತನವೆಂದು ಎಣಿಸುವುದು ಶುದ್ಧ ಅಜ್ಞಾನ.

ಅಭಿಪ್ರಾಯಗಳ ಇತಿಹಾಸ

ಲಂಡನ್ನಿನ ವೈದ್ಯನಾದ ಎಡ್ವರ್ಡ್ ಟಿಲ್ಟ್ 1857ರಲ್ಲಿ ರಜೋನಿವೃತ್ತಿಯನ್ನೇ ವಿಷಯವಾಗಿಟ್ಟುಕೊಂಡು ಗ್ರಂಥವೊಂದನ್ನು ಪ್ರಕಟಿಸಿದನು. ಆ ಶತಮಾನದ ಪಾಶ್ಚಾತ್ಯ ವೈದ್ಯಕವು ಸ್ತ್ರೀಶರೀರವನ್ನು ಮಿತವಾದ ಶಕ್ತಿಸಂಚಯವುಳ್ಳ ವಸ್ತುವೆಂದೂ, ಶ್ರಮದಿಂದ ಆ ಸಂಚಯ ಬರಿದಾಗುವುದೆಂದೂ ನಂಬಿತ್ತಾದ್ದರಿಂದ, ನಡುವಯಸ್ಸಿನ ಹೆಂಗಸಿಗೆ ವಿಶ್ರಾಂತಿಯೇ ಮೊದಲ ಔಷಧವಾಗಿತ್ತು. ಈ ನಂಬಿಕೆಯ ಬೇರು ಎಷ್ಟು ಆಳವಾಗಿತ್ತೆಂದರೆ, 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ ಕ್ರೀಡೆಗಳಲ್ಲಿ 800 ಮೀಟರು ಓಡಿದ ಯುವತಿಯರು ದಣಿದುದನ್ನೇ ದೊಡ್ಡದು ಮಾಡಿ ಆ ಸ್ಪರ್ಧೆಯನ್ನು ಕೈಬಿಡಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ, ರೋಮಿನಲ್ಲಿ. ನಮ್ಮ ನಾಡಿನಲ್ಲಿಯೂ ಗರಡಿಮನೆಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಬಸ್ಕಿ, ದಂಡ, ಗದೆ ತಿರುಗಿಸುವುದು, ಸಂಗ್ರಾಣಿ ಕಲ್ಲು ಎತ್ತುವುದು ಇವೆಲ್ಲ ಗಂಡಸರ ಸಾಧನೆಗಳೆನಿಸಿಕೊಂಡವು. ಅದೇ ಭಾರವನ್ನು ಕೊಡಗಳಲ್ಲಿ ತುಂಬಿ ಹೊತ್ತು ತಂದವಳ ಶ್ರಮಕ್ಕೆ ಸಾಧನೆಯೆಂಬ ಹೆಸರು ಸಿಕ್ಕಲಿಲ್ಲ.

ವ್ಯಾಯಾಮವು ಆಯುಸ್ಸನ್ನು ಕಾಯುವುದೆಂಬುದಕ್ಕೆ ಆಧುನಿಕ ಪ್ರಮಾಣವನ್ನು ಮೊದಲಾಗಿ ಒದಗಿಸಿದವರಲ್ಲಿ ಬ್ರಿಟನ್ನಿನ ಜೆರೆಮಿ ಮಾರಿಸ್ ಮುಖ್ಯನು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುತ್ತ ಟಿಕೀಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಮೆಯೆಂದು 1953ರಲ್ಲಿ ಆತನು ತೋರಿಸಿದನು. ಆ ಪರಿಶೀಲನೆಗೆ ಒಳಗಾದವರೆಲ್ಲ ಗಂಡಸರು. ವ್ಯಾಯಾಮಶಾಸ್ತ್ರವು ಬಹುಕಾಲ ಹೀಗೆಯೇ ನಡೆದುಬಂದು, ಗಂಡಸರಲ್ಲಿ ಕಂಡುದನ್ನು ಹೆಂಗಸರಿಗೂ ಅನ್ವಯಿಸುತ್ತಿತ್ತು. ಸಂಧಿಕಾಲದ ಸ್ತ್ರೀಯರನ್ನೇ ದೀರ್ಘಕಾಲ ಹಿಂಬಾಲಿಸಿ ನೋಡುವ ದೊಡ್ಡ ಪ್ರಯತ್ನ ಅಮೆರಿಕದಲ್ಲಿ ಮೊದಲಾದದ್ದು 1990ರ ದಶಕದಲ್ಲಿ: ‘ಸ್ವಾನ್’ ಎಂಬ ಸಂಕ್ಷಿಪ್ತನಾಮದ ಆ ಅಧ್ಯಯನಕ್ಕೆ 1996–97ರಲ್ಲಿ ಏಳು ಕೇಂದ್ರಗಳಿಂದ 42ರಿಂದ 52 ವಯಸ್ಸಿನ 3,302 ಸ್ತ್ರೀಯರನ್ನು ಸೇರಿಸಿಕೊಂಡರು. ಬಿಳಿಯರು, ಕರಿಯರು, ಲ್ಯಾಟಿನ್ ಅಮೆರಿಕ ಮೂಲದವರು, ಚೀನೀಯರು, ಜಪಾನೀಯರು ಎಂಬ ಐದು ಸಮುದಾಯಗಳು ಅದರಲ್ಲಿದ್ದವು. ಭಾರತ ಮೂಲದವರದೆಂದು ಪ್ರತ್ಯೇಕವಾದ ಗುಂಪು ಇರಲಿಲ್ಲವೆಂಬುದನ್ನು ಅದರ ಅಂಕಿಗಳನ್ನು ನಮ್ಮವರಿಗೆ ಅನ್ವಯಿಸುವಾಗ ನೆನಪಿನಲ್ಲಿಡಬೇಕು. 2002ರಲ್ಲಿ ಅದೇ ದೇಶದ ಮತ್ತೊಂದು ಮಹಾಪರೀಕ್ಷೆಯಲ್ಲಿ ರಜೋನಿವೃತ್ತಿಯ ಬಾಧೆಗಳಿಗೆ ಕೊಡುವ ಹಾರ್ಮೋನು ಮಾತ್ರೆಗಳ ಒಂದು ವಿಭಾಗವನ್ನು ಅಪಾಯದ ಶಂಕೆಯಿಂದ ಅರ್ಧದಲ್ಲಿಯೇ ನಿಲ್ಲಿಸಿದ ಮೇಲೆ, ಭೀತರಾದ ಸ್ತ್ರೀಯರೂ ವೈದ್ಯರೂ ಮಾತ್ರೆಯಿಲ್ಲದ ಉಪಾಯಗಳತ್ತ ತಿರುಗಿದರು. ಆ ಭೀತಿ ಅತಿಯಾಯಿತೆಂದು ಈಚೆಗೆ ಒಪ್ಪಿಕೊಂಡಿದ್ದಾರಾದರೂ, ವ್ಯಾಯಾಮದ ವಿಷಯದಲ್ಲಿ ಇಂದು ನಮಗಿರುವ ಜ್ಞಾನದಲ್ಲಿ ಬಹುಪಾಲು ಆ ತಿರುವಿನ ಅನಂತರ ಒದಗಿದ್ದು.

ಮೂಳೆ ಮತ್ತು ಭಾರ

ಮೂಳೆಯು ನಿರ್ಜೀವವಾದ ಕಂಬದಂತೆ ಕಂಡರೂ ಅದು ಸದಾ ಕರಗುತ್ತ ಕಟ್ಟಿಕೊಳ್ಳುತ್ತ ಇರುವ ಜೀವಂತ ಧಾತು. ಕರಗಿಸುವ ಜೀವಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸ ಈಸ್ಟ್ರೊಜೆನ್ನಿನದು. ಅದರ ಅಂಕೆ ಸಡಿಲಿದೊಡನೆ ಕಟ್ಟುವುದಕ್ಕಿಂತ ಕರಗುವುದು ಮೇಲಾಗುತ್ತದೆ. ಮೇಲೆ ಹೇಳಿದ ‘ಸ್ವಾನ್’ ಅಧ್ಯಯನದಿಂದ ತಿಳಿದುಬಂದಂತೆ, ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಮುಂಚಿನಿಂದ ಅದರ ಎರಡು ವರ್ಷ ಅನಂತರದವರೆಗೆ ಮೂಳೆಯ ನಷ್ಟ ಅತಿ ವೇಗವಾಗಿರುತ್ತದೆ. ಆ ಮೂರು ವರ್ಷಗಳಲ್ಲಿ ಸೊಂಟದ ಭಾಗದ ಬೆನ್ನೆಲುಬು ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚಾಗಿಯೇ ಸಾಂದ್ರತೆಯನ್ನು ಕಳೆದುಕೊಳ್ಳುತ್ತದೆ. ಹತ್ತು ವರ್ಷಗಳ ಒಟ್ಟು ನಷ್ಟ ಶೇಕಡ 10ರ ಸುತ್ತುಮುತ್ತ ಬರುತ್ತದೆ. ಇಷ್ಟಾಗಿಯೂ ನೋವಿಲ್ಲ, ಊತವಿಲ್ಲ, ಯಾವ ಸೂಚನೆಯೂ ಇಲ್ಲ. ಹದಿನೈದು ಇಪ್ಪತ್ತು ವರ್ಷಗಳ ತರುವಾಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಾಗ, ಆ ಮುರಿತದ ಮೂಲ ಈ ಮೂರು ವರ್ಷಗಳಲ್ಲಿತ್ತೆಂದು ಯಾರಿಗೂ ಹೊಳೆಯುವುದಿಲ್ಲ.

ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ತನ್ನನ್ನು ರೂಪಿಸಿಕೊಳ್ಳುವುದೆಂಬ ತತ್ತ್ವವನ್ನು ಬರ್ಲಿನ್ನಿನ ಶಸ್ತ್ರವೈದ್ಯನಾದ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಆದರೆ ಎಲ್ಲ ಭಾರವೂ ಮೂಳೆಗೆ ಸಮಾನವಲ್ಲ. ದಿನವೂ ಸಾವಿರಾರು ಸಲ ಬೀಳುವ, ಅಭ್ಯಾಸವಾಗಿಹೋದ ಭಾರವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡದಾದ, ವೇಗವಾಗಿ ಎರಗುವ, ವಾಡಿಕೆಯಿಲ್ಲದ ದಿಕ್ಕಿನಿಂದ ಬರುವ ಭಾರವಾದರೆ ಕೆಲವೇ ಆವೃತ್ತಿಗಳು ಸಾಕು. ವೈದ್ಯರು ಬಾಯಿಪಾಠದಂತೆ ಹೇಳುವ "ದಿನಾ ಅರ್ಧ ಗಂಟೆ ನಡೆಯಿರಿ" ಎಂಬ ಮಾತು ಹೃದಯಕ್ಕೆ ಹಿತವಾದುದಾದರೂ ಮೂಳೆಯ ಮಟ್ಟಿಗೆ ಅರ್ಧ ಉಪದೇಶ. ಈಜು ಮತ್ತು ಸೈಕಲ್ ಸವಾರಿಗಳು ಶ್ವಾಸಕೋಶಕ್ಕೂ ಕೀಲುಗಳಿಗೂ ಎಷ್ಟೇ ಒಳ್ಳೆಯವಾಗಿದ್ದರೂ, ಅಲ್ಲಿ ಶರೀರದ ತೂಕವನ್ನು ನೀರೋ ಆಸನವೋ ಹೊರುವುದರಿಂದ, ಮೂಳೆಗೆ ಅವುಗಳಿಂದ ದೊರೆಯುವುದು ಅತ್ಯಲ್ಪ.

ಭಾರವನ್ನು ಎತ್ತಿದರೆ ಏನಾಗುವುದೆಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಗ್ರಿಫಿತ್ ವಿಶ್ವವಿದ್ಯಾಲಯದ ಪರೀಕ್ಷೆಯೊಂದು ಪ್ರಸಿದ್ಧ ನಿದರ್ಶನ. ರಜೋನಿವೃತ್ತಿಯನ್ನು ದಾಟಿ ಮೂಳೆ ಬಡಕಲಾಗಿದ್ದ 101 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಎಂಟು ತಿಂಗಳು, ಶಿಕ್ಷಕರ ಕಣ್ಣೆದುರಿನಲ್ಲಿ, ನೆಲದ ಮೇಲಿನ ಭಾರವನ್ನು ಸೊಂಟದ ಮಟ್ಟಕ್ಕೆತ್ತುವುದು, ಹೆಗಲ ಮೇಲೆ ಭಾರವಿಟ್ಟು ಬಸ್ಕಿ ಹೊಡೆಯುವುದು, ತಲೆಯ ಮೇಲಕ್ಕೆ ಎತ್ತುವುದು, ಸರಳಿಗೆ ಜಿಗಿದು ಜೋತು ನೆಲಕ್ಕೆ ಇಳಿಯುವುದು, ಈ ನಾಲ್ಕನ್ನು ಕಲಿಸಿದರು. ಎತ್ತಬಲ್ಲ ಗರಿಷ್ಠ ಭಾರದ ಶೇಕಡ 80ಕ್ಕಿಂತ ಹೆಚ್ಚನ್ನು ಐದೈದು ಸಲ ಐದು ಸರದಿಗಳಲ್ಲಿ ಅವರು ಎತ್ತುತ್ತಿದ್ದರು. 2018ರಲ್ಲಿ ಅಚ್ಚಾದ ಫಲಿತಾಂಶದಂತೆ, ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡ 2.9ರಷ್ಟು ಏರಿತು, ಮನೆಯಲ್ಲಿಯೇ ಲಘು ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನಲ್ಲಿ ಅದು ಶೇಕಡ 1.2ರಷ್ಟು ಇಳಿಯಿತು. ಪರೀಕ್ಷೆಗೊಳಗಾದವರ ಸರಾಸರಿ ವಯಸ್ಸು 65 ಎಂಬುದು ಇಲ್ಲಿ ಗಮನಾರ್ಹ. ಅರವತ್ತೈದರಲ್ಲಿ ಸಾಧ್ಯವಾದದ್ದು ನಲವತ್ತೈದರಲ್ಲಿ ಅಪಾಯಕರವೆಂದು ಹೇಳುವವರು ತಮ್ಮ ಭಯಕ್ಕೆ ಬೇರೆ ಆಧಾರವನ್ನು ಹುಡುಕಬೇಕಾಗುತ್ತದೆ. ರಜೋನಿವೃತ್ತಿಯ ಮೊದಲ ವರ್ಷಗಳಲ್ಲಿದ್ದ ಸ್ತ್ರೀಯರನ್ನು ಆರಿಸಿಕೊಂಡು ಜರ್ಮನಿಯ ಎರ್‌ಲಾಂಗೆನ್ನಿನಲ್ಲಿ 1998ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನವು 16 ವರ್ಷಗಳವರೆಗೆ ಮುಂದುವರಿದು, ಬಿಡದೆ ವ್ಯಾಯಾಮ ಮಾಡಿದವರ ಮೂಳೆ ಮಾಡದವರದಕ್ಕಿಂತ ನಿಧಾನವಾಗಿ ಸವೆಯಿತೆಂದು ತೋರಿಸಿತು.

ಮೂಳೆ ಆಗಲೇ ದುರ್ಬಲವಾಗಿದ್ದರೆ ಮಾತ್ರ ಒಂದು ಎಚ್ಚರಿಕೆ ಅತ್ಯಗತ್ಯ. ಅಮೆರಿಕದ ಮೇಯೊ ಚಿಕಿತ್ಸಾಲಯದ ಇಬ್ಬರು ವೈದ್ಯರು 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೆನ್ನೆಲುಬಿನ ಮೂಳೆ ಟೊಳ್ಳಾಗಿದ್ದ ಸ್ತ್ರೀಯರ ಪೈಕಿ ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇಕಡ 16 ಮಂದಿಗೆ ಹೊಸದಾಗಿ ಕಶೇರು ಕುಸಿದಿದ್ದರೆ, ಮುಂದಕ್ಕೆ ಬಗ್ಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇಕಡ 89 ಮಂದಿಗೆ ಕುಸಿದಿತ್ತು. ಸಂಖ್ಯೆ ಚಿಕ್ಕದಾದ ಗುಂಪಿನಿಂದ ಬಂದ ಅಂಕಿಗಳಿವು. ಆದರೂ ಪಶ್ಚಿಮೋತ್ತಾನಾಸನ, ಹಲಾಸನಗಳನ್ನು ವಯಸ್ಸು ನೋಡದೆ ಎಲ್ಲರಿಗೂ ಹೇಳಿಕೊಡುವ ಯೋಗಶಿಕ್ಷಕರು ಇವನ್ನು ಮರೆಯುವಂತಿಲ್ಲ.

ಮಾಂಸಖಂಡ, ಮೇದಸ್ಸು, ಹೃದಯ

ಈ ವಯಸ್ಸಿನಲ್ಲಿ ತೂಕ ಏರುವುದು ಹೆಚ್ಚಾಗಿ ವಯೋಧರ್ಮ. ಆದರೆ ಕೈಕಾಲುಗಳಲ್ಲಿದ್ದ ಮಾಂಸ ಕರಗಿ ಹೊಟ್ಟೆಯ ಒಳಗೆ ಕೊಬ್ಬು ತುಂಬುವುದು ರಜೋನಿವೃತ್ತಿಯದೇ ಕೆಲಸ. ಕೊನೆಯ ಮುಟ್ಟಿಗೆ ಎರಡು ವರ್ಷ ಮುಂಚಿನಿಂದ ಕೊಬ್ಬಿನ ಶೇಖರಣೆಯ ವೇಗ ಇಮ್ಮಡಿಯಾಗಿ, ಎರಡು ವರ್ಷ ಕಳೆದ ಮೇಲೆ ನಿಲ್ಲುತ್ತದೆ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ರವಿಕೆ ಬಿಗಿಯಾಗುವುದರ ಗುಟ್ಟು ಇದು. ಫಿನ್‌ಲೆಂಡಿನ ಯೂವಾಸ್ಕುಲ ವಿಶ್ವವಿದ್ಯಾಲಯದವರು 47ರಿಂದ 55ರ ಸ್ತ್ರೀಯರನ್ನು ಸಂಧಿಕಾಲದುದ್ದಕ್ಕೂ ಅಳೆದು ನೋಡಿ, ಅಷ್ಟು ಅಲ್ಪಾವಧಿಯಲ್ಲಿಯೂ ಮಾಂಸಖಂಡ ಕ್ಷಯಿಸುವುದನ್ನೂ, ಚಟುವಟಿಕೆಯುಳ್ಳವರಲ್ಲಿ ಅದು ಹೆಚ್ಚಾಗಿ ಉಳಿದಿರುವುದನ್ನೂ ಕಂಡರು. ಊಟದ ಅನಂತರ ರಕ್ತದಲ್ಲಿ ಏರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವುದು ಮಾಂಸಖಂಡವೇ ಆದ್ದರಿಂದ, ಮಧುಮೇಹ ಮನೆಮನೆಯ ಮಾತಾಗಿರುವ ನಮ್ಮ ದೇಶದಲ್ಲಿ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಮಾಂಸಖಂಡವನ್ನು ಬೆಳೆಸುವ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದವನು ಅಮೆರಿಕದ ಸೈನ್ಯವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಲಘು ಕಸರತ್ತುಗಳಿಂದ ತಿಂಗಳುಗಟ್ಟಲೆ ನೂಕುತ್ತಿದ್ದ ಪದ್ಧತಿಯನ್ನು ಬಿಟ್ಟು, ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವಷ್ಟು ಭಾರವನ್ನು ಕೊಟ್ಟು, ಬಲ ಬಂದಂತೆಲ್ಲ ಭಾರವನ್ನು ಏರಿಸುವ ವಿಧಾನವನ್ನು ಆತನು 1945ರಲ್ಲಿ ಪ್ರಕಟಿಸಿದನು. ಭಾರವು ಕ್ರಮಕ್ರಮವಾಗಿ ಏರಬೇಕೆಂಬ ಆ ಒಂದು ನಿಯಮ ಈ ಶಾಸ್ತ್ರದ ತಳಹದಿ. ವರ್ಷಗಟ್ಟಲೆ ಅದೇ ಒಂದು ಕಿಲೋಗ್ರಾಂ ಡಂಬೆಲ್ಲನ್ನು ಹಿಡಿದು ಕೈಯಾಡಿಸುವುದರಿಂದ ಕಾಲಕ್ಷೇಪವಾದೀತು, ಬಲ ಬೆಳೆಯದು. ಹೆಂಗಸರು ಭಾರ ಎತ್ತಿದರೆ ಗಂಡಸರಂತೆ ತೋಳು ದಪ್ಪವಾಗುವುದೆಂಬ ಶಂಕೆ ಇನ್ನೂ ಹೋಗಿಲ್ಲ; ಟೆಸ್ಟೊಸ್ಟೆರಾನಿನ ಪ್ರಮಾಣ ಅಷ್ಟು ಅಲ್ಪವಾಗಿರುವ ಶರೀರದಲ್ಲಿ ಅಂಥ ಬೆಳವಣಿಗೆ ನಡುವಯಸ್ಸಿನಲ್ಲಿ ತಾನಾಗಿ ಬರುವಂಥದಲ್ಲ.

ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲಿ ಕೆಟ್ಟ ಕೊಲೆಸ್ಟರಾಲು ಎದ್ದು ಕಾಣುವಂತೆ ಏರುತ್ತದೆ, ರಕ್ತನಾಳಗಳು ಪೆಡಸಾಗತೊಡಗುತ್ತವೆ. ಬಿರುಸಾದ ನಡಿಗೆ, ಸೈಕಲ್, ಈಜು, ಷಟಲ್ ಬ್ಯಾಡ್ಮಿಂಟನ್ ಮುಂತಾದ ಉಸಿರು ಏರಿಸುವ ವ್ಯಾಯಾಮಗಳ ಕ್ಷೇತ್ರ ಇದು. ವ್ಯಾಯಾಮ ಒಂದರಿಂದಲೇ ಇಳಿಯುವ ತೂಕ ಅಲ್ಪವಾದರೂ ಹೊಟ್ಟೆಯ ಒಳಗಿನ ಕೊಬ್ಬು ಅದಕ್ಕೆ ಮೊದಲು ಮಣಿಯುತ್ತದೆ.

ಮೈಯ ಬಿಸಿ, ನಿದ್ರೆ, ಮನಸ್ಸು

ಮಿದುಳಿನಲ್ಲಿರುವ ಉಷ್ಣನಿಯಂತ್ರಣ ಕೇಂದ್ರವು ಈಸ್ಟ್ರೊಜೆನ್ನಿನ ಏರಿಳಿತದಿಂದ ಅತಿಸೂಕ್ಷ್ಮವಾಗಿ, ಅತ್ಯಲ್ಪ ಉಷ್ಣಭೇದಕ್ಕೂ ಬೆವರಿಳಿಸಿ ಪ್ರತಿಕ್ರಿಯೆ ತೋರುವುದೇ ಮೈ ಥಟ್ಟನೆ ಬಿಸಿಯೇರುವ ಬಾಧೆಯ ಕಾರಣ. ‘ಸ್ವಾನ್’ ಅಧ್ಯಯನದಲ್ಲಿ, ಅಡಿಗಡಿಗೆ ಈ ಬಾಧೆಗೊಳಗಾದವರಲ್ಲಿ ಅದರ ಮಧ್ಯಮ ಅವಧಿ 7.4 ವರ್ಷಗಳೆಂದು ಕಂಡುಬಂತು. ವ್ಯಾಯಾಮದಿಂದ ಇದು ತಗ್ಗುವುದೇ? 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ಅದುವರೆಗಿನ ಪರೀಕ್ಷೆಗಳನ್ನೆಲ್ಲ ತೂಗಿ ನೋಡಿ, ತಗ್ಗುವುದೆಂದು ಹೇಳಲು ಪ್ರಮಾಣ ಸಾಲದೆಂದರು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹನ್ನೆರಡು ವಾರಗಳ ಏರೋಬಿಕ್, ಎಂದರೆ ಉಸಿರು ಏರಿಸುವ, ವ್ಯಾಯಾಮದಿಂದ ಬಾಧೆಯ ಆವರ್ತನೆ ಇಳಿಯಲಿಲ್ಲ, ನಿದ್ರೆ ಮಾತ್ರ ಸ್ವಲ್ಪ ಸುಧಾರಿಸಿತು. 2019ರಲ್ಲಿ ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ 65 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಾದರೋ, ಹದಿನೈದು ವಾರ ಭಾರ ಎತ್ತಿದವರಲ್ಲಿ ಬಾಧೆ ಸುಮಾರು ಅರ್ಧಕ್ಕೆ ಇಳಿಯಿತು. ಚಿಕ್ಕ ಪರೀಕ್ಷೆಯೊಂದರ ಬಲದಿಂದ ಸಿದ್ಧಾಂತ ಕಟ್ಟಲಾಗದು. ಔಷಧವಿಲ್ಲದ ಗುಳಿಗೆಯನ್ನು ನುಂಗಿದವರಲ್ಲಿಯೂ ಈ ಬಾಧೆ ಗಣನೀಯವಾಗಿ ತಗ್ಗುವುದುಂಟಾದ್ದರಿಂದ, ಇಲ್ಲಿ ಪ್ರಯೋಗಕಾರರು ವಿಶೇಷ ಜಾಗರೂಕರಾಗಿರಬೇಕು. ಉತ್ತರ ಅಮೆರಿಕದ ರಜೋನಿವೃತ್ತಿ ಪರಿಷತ್ತು 2023ರ ತನ್ನ ನಿರೂಪಣೆಯಲ್ಲಿ ಮೈಬಿಸಿಯ ಚಿಕಿತ್ಸೆಯಾಗಿ ವ್ಯಾಯಾಮವನ್ನೂ ಯೋಗವನ್ನೂ ಸೂಚಿಸಲಿಲ್ಲ. ತೂಕ ಇಳಿಸುವುದನ್ನು ಸೂಚಿಸಿತು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಪರೀಕ್ಷೆ ಬೆಂಗಳೂರಿನದು. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು 40ರಿಂದ 55 ವಯಸ್ಸಿನ 120 ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸೂರ್ಯನಮಸ್ಕಾರ, ಪ್ರಾಣಾಯಾಮ ಮತ್ತು ಆವರ್ತನ ಧ್ಯಾನವನ್ನೂ, ಇನ್ನೊಂದಕ್ಕೆ ಸರಳವಾದ ಅಂಗಸಾಧನೆಯನ್ನೂ, ದಿನಕ್ಕೊಂದು ಗಂಟೆ, ವಾರಕ್ಕೈದು ದಿನ, ಎಂಟು ವಾರ ಮಾಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೈಬಿಸಿ, ರಾತ್ರಿಬೆವರು, ಮನಸ್ಸಿನ ಒತ್ತಡ ಮೂರೂ ಯೋಗದ ಗುಂಪಿನಲ್ಲಿ ಹೆಚ್ಚಾಗಿ ಇಳಿದಿದ್ದವು. ಏಕಾಗ್ರತೆ ಮತ್ತು ಸ್ಮರಣೆಯೂ ಉತ್ತಮಗೊಂಡಿದ್ದವು. ಹೋಲಿಕೆಯ ಗುಂಪನ್ನು ಸುಮ್ಮನೆ ಕೂರಿಸದೆ ಅದಕ್ಕೂ ಶಿಕ್ಷಕರನ್ನು ಕೊಟ್ಟುದು ಈ ಪರೀಕ್ಷೆಯ ಗುಣ. ಎಂಟೇ ವಾರಗಳಿಗೆ ಮುಗಿದುದು ಅದರ ಕೊರತೆ.

ಯೋಗಾಭ್ಯಾಸವು ಹೆಂಗಸರತ್ತ ಹರಿದುಬಂದ ಇತಿಹಾಸದಲ್ಲಿ ಮೈಸೂರಿಗೆ ಸ್ಥಾನವಿದೆ. ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ತೆರೆದ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಆ ದಶಕದ ಕೊನೆಯ ಭಾಗದಲ್ಲಿ ಇಂದ್ರಾದೇವಿಯೆಂದು ಹೆಸರಾದ ವಿದೇಶೀ ಮಹಿಳೆಗೆ ಪಾಠ ಹೇಳಿದರು. ಅವರ ಮತ್ತೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರ ಮಗಳು ಗೀತಾ ಅಯ್ಯಂಗಾರ್ ಸ್ತ್ರೀಯರ ಜೀವನದ ವಿವಿಧ ಅವಸ್ಥೆಗಳಿಗೆ ತಕ್ಕ ಅಭ್ಯಾಸಕ್ರಮವನ್ನು ಗ್ರಂಥರೂಪದಲ್ಲಿ ನಿರೂಪಿಸಿದರು. ದಿಂಬು, ಕುರ್ಚಿ, ಗೋಡೆಗಳ ಆಸರೆಯಿಂದ ಮಾಡುವ ಆ ಪರಂಪರೆಯ ಆಸನಗಳು ನಿದ್ರೆಗೆಟ್ಟು ದಣಿದ ದಿನಗಳಿಗೆ ವಿಶೇಷವಾಗಿ ಒಗ್ಗುತ್ತವೆ.

ಸಂಧಿಕಾಲದಲ್ಲಿ ಖಿನ್ನತೆ ಅಧಿಕವಾಗುವುದು ನಿಶ್ಚಿತವಾದ ಸಂಗತಿ. ಸೌಮ್ಯವಾದ ಖಿನ್ನತೆಗೆ ನಿಯತವಾದ ವ್ಯಾಯಾಮ ಉಪಕಾರಿಯೆಂಬುದೂ ಹಾಗೆಯೇ.

ಶ್ರೋಣಿತಳದ ವ್ಯಾಯಾಮ

ಕೆಮ್ಮಿದಾಗ, ಸೀನಿದಾಗ, ಜಿಗಿದಾಗ ಹನಿ ಮೂತ್ರ ಜಾರುವ ತೊಂದರೆಯನ್ನು ಅನುಭವಿಸುತ್ತ ಯಾರೊಡನೆಯೂ ಹೇಳಿಕೊಳ್ಳದೆ, ಅದರ ಅಂಜಿಕೆಯಿಂದಲೇ ವ್ಯಾಯಾಮವನ್ನು ತೊರೆದ ಸ್ತ್ರೀಯರು ಬಹುಮಂದಿ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ಇದಕ್ಕೆ ಸರಳವಾದ ಸಾಧನೆಯೊಂದನ್ನು ವಿವರಿಸಿದನು. ಮೂತ್ರವನ್ನೂ ಅಪಾನವಾಯುವನ್ನೂ ತಡೆಹಿಡಿಯುವಾಗ ಬಿಗಿಯುವ ಶ್ರೋಣಿತಳದ ಸ್ನಾಯುಗಳನ್ನು, ಹೊಟ್ಟೆ ತೊಡೆಗಳನ್ನು ಸಡಿಲವಾಗಿಟ್ಟು, ಉಸಿರು ಕಟ್ಟದೆ, ಐದರಿಂದ ಹತ್ತು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಿಸುವುದು, ಹೀಗೆ ಎಂಟು ಹತ್ತು ಸಲದಂತೆ ದಿನಕ್ಕೆ ಮೂರಾವರ್ತಿ ಮಾಡುವುದು ಈಗಿನ ವಾಡಿಕೆ. ಮೂರು ತಿಂಗಳಾದರೂ ಬಿಡದೆ ನಡೆಸಿದರೆ ಗುಣ ಕಾಣುವುದು. ಬಸ್ಸಿನಲ್ಲಿ ಕುಳಿತೋ ಸಾರು ಕುದಿಯುವುದನ್ನು ಕಾಯುತ್ತಲೋ ಮಾಡಬಹುದಾದ ಈ ವ್ಯಾಯಾಮದ ಸಿದ್ಧಿಗೆ ಪ್ರಮಾಣ ಬಲವಾಗಿದೆ; ಗರ್ಭಕೋಶ ಜಾರಿದವರು ಮಾತ್ರ ತಜ್ಞರ ಪರೀಕ್ಷೆಯಿಲ್ಲದೆ ಜಿಗಿಯುವ, ಭಾರ ಎತ್ತುವ ಸಾಹಸಕ್ಕೆ ಕೈಹಾಕಬಾರದು.

ಅಭ್ಯಾಸಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಅದರೊಡನೆ ಎರಡು ದಿನವಾದರೂ ಬಲವರ್ಧಕ ವ್ಯಾಯಾಮ ಅವಶ್ಯ. ಶ್ರಮದ ಮಟ್ಟವನ್ನು ಅರಿಯಲು ಯಂತ್ರವೇನೂ ಬೇಡ. ವ್ಯಾಯಾಮವನ್ನು ಅರ್ಧಬಲದಿಂದ ಮಾಡಬೇಕೆಂದೂ, ಉಸಿರು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕೆಂದೂ ಆಯುರ್ವೇದದಲ್ಲಿ ಹೇಳಿದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂದು ಇಂದಿನ ಶಿಕ್ಷಕರು ಹೇಳುವ ಮಧ್ಯಮ ಶ್ರಮದ ಲಕ್ಷಣ ಇದಕ್ಕೆ ಬಹುಸಮೀಪವಾದದ್ದು. ನಿತ್ಯದ ನಡಿಗೆಗೆ ಈ ಅರ್ಧಬಲದ ನಿಯಮ ಯುಕ್ತವೇ ಆದರೂ, ವಾರದ ಎರಡು ಬಲಸಾಧನೆಯ ದಿನಗಳಲ್ಲಿ ಅದನ್ನು ಮೀರದೆ ಮೂಳೆಯನ್ನು ಎಚ್ಚರಿಸಲಾಗದು.

ಎಂದೂ ವ್ಯಾಯಾಮ ಮಾಡದವಳು ಕುರ್ಚಿಯಿಂದ ಕೈಯೂರದೆ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆಯುವುದು, ಅಂಗಾತ ಮಲಗಿ ಮೊಳಕಾಲು ಮಡಿಸಿ ಸೊಂಟವನ್ನು ಎತ್ತುವುದು, ಮೆಟ್ಟಿಲನ್ನು ಹತ್ತಿಳಿಯುವುದು, ನೀರು ತುಂಬಿದ ಬಾಟಲಿಯನ್ನೋ ಅಕ್ಕಿಯ ಚೀಲವನ್ನೋ ಬೆನ್ನು ನೆಟ್ಟಗಿಟ್ಟು ನೆಲದಿಂದೆತ್ತುವುದು ಇವುಗಳಿಂದ ಮೊದಲುಮಾಡಿ, ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲ, ಕೊನೆಯ ಎರಡು ಸಲ ನಿಜವಾಗಿಯೂ ಕಷ್ಟವೆನಿಸುವಂತೆ ಮಾಡಬೇಕು. ಕಷ್ಟವೆನಿಸದಂದು ಭಾರವನ್ನು ಏರಿಸಬೇಕು. ಎರಡು ಮೂರು ತಿಂಗಳಲ್ಲಿ ಕೀಲುಗಳು ಒಗ್ಗಿದ ಮೇಲೆ ಡಂಬೆಲ್, ರಬ್ಬರ್ ಪಟ್ಟಿ, ಅನುಕೂಲವಿದ್ದರೆ ಜಿಮ್ಮಿನ ಬಾರ್ಬೆಲ್ಲಿನತ್ತ ಹೋಗಬಹುದು. ಅಲ್ಲಿ ಮೊದಲ ಕೆಲವು ವಾರ ಬಲ್ಲವರ ಮೇಲ್ವಿಚಾರಣೆ ಅವಶ್ಯ. ಮೂಳೆ ಗಟ್ಟಿಯಾಗಿರುವವರು ಹಗ್ಗದಾಟವನ್ನೋ ನಿಂತಲ್ಲಿಯೇ ಹತ್ತಿಪ್ಪತ್ತು ಜಿಗಿತಗಳನ್ನೋ ಸೇರಿಸಿಕೊಳ್ಳಬಹುದು. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ, ಅಥವಾ ವೃಕ್ಷಾಸನ, ಬೀಳದಂತೆ ಕಾಯುವ ಸಮತೋಲನವನ್ನು ಕೊಡುತ್ತದೆ. ಮೈಬಿಸಿಯ ಬಾಧೆಯುಳ್ಳವರಿಗೆ ತಂಪು ಹೊತ್ತು, ಸಡಿಲವಾದ ಹತ್ತಿಯ ಉಡುಪು, ಕೈಯಲ್ಲೊಂದು ನೀರಿನ ಬಾಟಲಿ ಹಿತಕರ.

ಭಾರತದ ಪರಿಸ್ಥಿತಿ

"ಮನೆಗೆಲಸವೇ ಸಾಕಷ್ಟಿದೆ, ಬೇರೆ ವ್ಯಾಯಾಮ ಏಕೆ?" ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೀಸುಕಲ್ಲು, ಒನಕೆ, ಸೇದುವ ಬಾವಿಗಳ ಕಾಲದಲ್ಲಿ ಹೆಂಗಸಿನ ದಿನದಲ್ಲಿ ತೋಳಿಗೂ ಬೆನ್ನಿಗೂ ನಿಜವಾದ ಭಾರವಿತ್ತು. ಅವು ಹೋದ ಮೇಲೆ ಪಟ್ಟಣದ ಗೃಹಿಣಿಗೆ ಉಳಿದಿರುವುದು ನಿಂತು ನಿಂತು ಕಾಲು ನೋಯಿಸುವ, ಆದರೆ ಉಸಿರನ್ನಾಗಲಿ ಮೂಳೆಯನ್ನಾಗಲಿ ಎಚ್ಚರಿಸದ ಕೆಲಸ. ನಾಟಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿರುವ ಕೂಲಿಯ ಹೆಂಗಸಿನ ಸ್ಥಿತಿ ಬೇರೆ. ಆಕೆಗೆ ಶ್ರಮ ಅತಿಯಾಗಿದೆ, ವಿಶ್ರಾಂತಿಯಿಲ್ಲ, ಊಟ ಸಾಲದು. ಉದ್ಯೋಗದ ಶ್ರಮವು ವಿರಾಮದ ವ್ಯಾಯಾಮದಷ್ಟು ಹೃದಯವನ್ನು ಕಾಯುವುದಿಲ್ಲವೆಂದು ಡೆನ್ಮಾರ್ಕಿನ ಸಂಶೋಧಕರೂ ಎತ್ತಿ ತೋರಿಸಿದ್ದಾರೆ. ಆಕೆಗೆ ಬೇಕಾದುದು ಬೆನ್ನನ್ನು ಹಿಂದಕ್ಕೆ ಚಾಚುವ ಕೆಲವು ನಿಮಿಷಗಳ ಅಂಗಸಾಧನೆ, ಭಾರವನ್ನು ಮೊಳಕಾಲು ಮಡಿಸಿ ಎತ್ತುವ ಕ್ರಮ, ಮತ್ತು ಹೊಟ್ಟೆತುಂಬ ಊಟ. ಬಿರುಸುನಡಿಗೆಯ ಉಪದೇಶ ಆಕೆಗೆ ಅಪಹಾಸ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಒಟ್ಟಿನ ಲೆಕ್ಕದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತೀಯ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇಕಡ 42.

ಇದಕ್ಕೆ ಹೊಂದಿಕೊಂಡಿರುವ ಇನ್ನೊಂದು ಸಂಗತಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರ ಪೈಕಿ ಶೇಕಡ 57 ಮಂದಿ ರಕ್ತಹೀನರು. ಸಂಧಿಕಾಲದ ಅತಿಸ್ರಾವ ಅದರ ಮೇಲೆ ಬಂದು ಕೂಡಿದಾಗ, ನಾಲ್ಕು ಹೆಜ್ಜೆಗೆ ಏದುಸಿರು ಬರುವುದನ್ನು ಅಭ್ಯಾಸದ ಕೊರತೆಯೆಂದು ಭ್ರಮಿಸುವ ಸಂಭವವಿದೆ. ಆದಕಾರಣ ವ್ಯಾಯಾಮವನ್ನು ಆರಂಭಿಸುವ ಮುನ್ನ ಹಿಮೊಗ್ಲೊಬಿನ್ ಪರೀಕ್ಷೆಯೊಂದನ್ನು ಮಾಡಿಸುವುದು, ಜೊತೆಗೆ ರಕ್ತದೊತ್ತಡ, ಸಕ್ಕರೆ, ಥೈರಾಯ್ಡುಗಳನ್ನು ನೋಡಿಸುವುದು ನಮ್ಮಲ್ಲಿ ಬಹಳ ಅವಶ್ಯ. ಆಹಾರದಲ್ಲಿ ರಾಗಿಯಿಂದ ಸುಣ್ಣದ ಅಂಶ ಧಾರಾಳವಾಗಿಯೇ ದೊರೆಯುತ್ತದೆ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ನಮ್ಮ ಸಸ್ಯಾಹಾರದ ಊಟದಲ್ಲಿ ಹೆಚ್ಚಾಗಿ ಕೊರತೆ ಬೀಳುವುದು ಪ್ರೋಟೀನು, ಅದಿಲ್ಲದೆ ಎತ್ತಿದ ಭಾರವೆಲ್ಲ ಅರ್ಧ ವ್ಯರ್ಥ. ಬಿಸಿಲಿನ ನಾಡಿನಲ್ಲಿದ್ದೂ ವಿಟಮಿನ್ ಡಿ ಸಾಲದೆ ಬರುವುದು ಸರ್ವಸಾಮಾನ್ಯ.

ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಲ್ಲಿ ಸಂಧಿಕಾಲವೆಂಬುದೇ ಇರದೆ ರಜೋನಿವೃತ್ತಿ ಒಂದೇ ದಿನಕ್ಕೆ ಬಂದೊದಗುವುದರಿಂದ, ಅಂಥವರು ವಯಸ್ಸು ಎಷ್ಟೇ ಕಡಮೆಯಿರಲಿ ಮೂಳೆಯ ಸಾಂದ್ರತೆಯನ್ನು ಅಳೆಸಿ, ಗಾಯ ಮಾಗಿದ ಮೇಲೆ ವೈದ್ಯರ ಅನುಮತಿಯೊಡನೆ ಬಲಸಾಧನೆಯನ್ನು ತೊಡಗಬೇಕು. ನಡೆಯುವಾಗ ಎದೆ ಬಿಗಿದುಕೊಂಡರೆ, ತಲೆ ಸುತ್ತಿ ಕತ್ತಲೆ ಕವಿದರೆ, ಅಥವಾ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿಯಾದರೂ ರಕ್ತ ಕಾಣಿಸಿಕೊಂಡರೆ, ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.